ಯೂರಿಯಾ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯ ಯೂರಿಯಾ ಮಹಾಶಯರಿಗೆ, ತುಂಗಭದ್ರಾ ನಾಲೆ ಕೆಳಗಿನ ಭತ್ತದ ರೈತನ ಶರಣು.

ನಿನ್ನೆ ಬೆಳಗಿನ ಐದಕ್ಕೇ ನಿಮ್ಮ ದರ್ಶನಕ್ಕೆ ಬಂದಿದ್ದೆ. ಅಷ್ಟರಲ್ಲಾಗಲೇ 70 ಜೊತೆ ಚಪ್ಪಲಿ ಸಾಲು ಹಚ್ಚಿದ್ದವು. ಅವುಗಳ ಒಡೆಯರು ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದರು. ಹತ್ತೂವರೆಗೆ ಶಟರ್ ಎತ್ತಿದರು. ಹೆಬ್ಬೆರಳು ಒತ್ತಿದರೆ ಮಷಿನ್ ಒಪ್ಪಲಿಲ್ಲ. ನಲವತ್ತು ವರ್ಷ ನಿಮ್ಮನ್ನೇ ಎರಚಿದ ಕೈ, ಗೆರೆ ಎಲ್ಲಿ ಉಳಿದಾವು? ಎರಡು ಚೀಲ ಬೇಕಾದರೆ ಒಂದು ಬಾಟಲಿ ಟಾನಿಕ್ಕೂ ಒಯ್ಯಬೇಕು ಎಂದರು ಅಂಗಡಿಯವರು. ಅದೀಗ ನಮ್ಮ ಕಿಟಕಿಯಲ್ಲಿದೆ. ಪೈರಿಗೋ ನನಗೋ, ತಿಳಿದಿಲ್ಲ.

ನಿಮ್ಮ ದೊಡ್ಡಸ್ತಿಕೆ ಬಲ್ಲೆ. ಗಾಳಿಯಲ್ಲಿ ಸುಮ್ಮನೆ ಅಡ್ಡಾಡಿಕೊಂಡಿದ್ದ ಸಾರಜನಕವನ್ನು ಹಿಡಿದು, ನಿಮ್ಮನ್ನು ಹೆತ್ತ ಅಮೋನಿಯಾ ಮಾಡಿ ದುಡಿಮೆಗೆ ಹಚ್ಚಿದವರು ಜರ್ಮನಿಯ ಹಾಬರ್ ಮತ್ತು ಬಾಷ್. 1913ಕ್ಕೆ ಕಾರ್ಖಾನೆಯೇ ನಿಂತಿತು. ಇವತ್ತು ಜಗತ್ತಿನ ಸುಮಾರು ಅರ್ಧ ಜನರ ತಟ್ಟೆ ತುಂಬುವುದು ಆ ವಿದ್ಯೆಯಿಂದ. ಅದೇ ಹಾಬರ್ 1915ರಲ್ಲಿ ಯುದ್ಧಕ್ಕೆ ಕ್ಲೋರಿನ್ ವಿಷಾನಿಲವನ್ನೂ ಒದಗಿಸಿದ. ಮನೆತನದ ವಿಷಯ, ಹೆಚ್ಚು ಕೆದಕುವುದಿಲ್ಲ.

ನನ್ನ ತಕರಾರು ನಿಮ್ಮ ಬೆಲೆಯದು. 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ. ಮಿಕ್ಕಿದ್ದು ಸರ್ಕಾರದ ಲೆಕ್ಕ. ಇಷ್ಟು ಸೋವಿಯಾದ ಮೇಲೆ ಒಂದು ಸಾಕಾದಲ್ಲಿ ಎರಡು ಹಾಕದವನು ರೈತನೇ? ವಾರದೊಳಗೆ ಪೈರು ಕರ್ರಗಾಗುತ್ತದೆ, ದಾರಿಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ "ಏನ್ ಪೈರಪಾ ಗೌಡಾ!" ಅನ್ನುತ್ತಾರೆ. ಆ ಒಂದು ಮಾತಿಗಾಗಿಯೇ ಎರಡನೇ ಚೀಲ ಬಿಚ್ಚುವವರಿದ್ದಾರೆ; ನಾನೂ ಒಬ್ಬ. ಕಂದು ಜಿಗಿಹುಳಕ್ಕೂ ಅಂಥ ಪೈರೇ ಇಷ್ಟ. ಅದಕ್ಕೆ ಔಷಧಿ ಬೇಕೆಂದರೆ ಅದೇ ಅಂಗಡಿ, ಪಕ್ಕದ ಶಟರ್.

ನಿಂತ ನೀರಿನ ಗದ್ದೆಗೆ ಹಾಕಿದ ನಿಮ್ಮಲ್ಲಿ ಸಾಮಾನ್ಯವಾಗಿ ಅರ್ಧವೂ ಬೆಳೆಗೆ ದಕ್ಕುವುದಿಲ್ಲ. ಉಳಿದದ್ದು ಹಳ್ಳಕ್ಕೆ, ಬಾವಿಗೆ, ಗಾಳಿಗೆ. ಅದರಲ್ಲಿ ಒಂದಿಷ್ಟು ನೈಟ್ರಸ್ ಆಕ್ಸೈಡಾಗುತ್ತದೆ. ಭೂಮಿಗೆ ಬಿಸಿ ಏರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಚುರುಕು. ಸಬ್ಸಿಡಿ ಕೊಟ್ಟು ಮೋಡಕ್ಕೂ ಗೊಬ್ಬರ ಹಾಕುವ ದೇಶ ನಮ್ಮದು. ಮಳೆ ಮಾತ್ರ ಹೊತ್ತಿಗೆ ಬರುತ್ತಿಲ್ಲ.

ನಿಮ್ಮನ್ನು ಪಳಗಿಸಲು ನೋಡಿದರು. 2015ರಲ್ಲಿ, ನಿಧಾನ ಕರಗಲೆಂದು, ಪೂರ್ತಿ ಬೇವಿನೆಣ್ಣೆ ಹಚ್ಚಿದರು. 2018ರಲ್ಲಿ 50 ಕಿಲೋ ಚೀಲವನ್ನು 45ಕ್ಕೆ ಇಳಿಸಿದರು. ಚೀಲ ಎಣಿಸಿ ಹಾಕುವ ನಾವು ಅಷ್ಟಾದರೂ ಕಡಿಮೆ ಹಾಕಲೆಂದು. ಜಾಣರೇ. ನಾನು ಆ ಐದು ಕಿಲೋ ಕೊರತೆಗೆ ಇನ್ನೊಂದು ಚೀಲ ತಂದೆ.

ನಿಮ್ಮನ್ನು ಬಿಟ್ಟರೆ ಬೇರೆ ಗೊಬ್ಬರವೂ ಇಲ್ಲ: ತಿಪ್ಪೆಗುಂಡಿ ಮುಚ್ಚಿ ಟ್ರ್ಯಾಕ್ಟರ್ ನಿಲ್ಲಿಸುತ್ತಿದ್ದೇನೆ, ಎಮ್ಮೆ ಮಾರಿ ವರ್ಷವಾಯಿತು. ನಾಳೆ ಎರಡನೇ ಮೇಲುಗೊಬ್ಬರ. ಅರ್ಧ ಚೀಲ ಕಡಿಮೆ ಹಾಕೋಣ ಅಂದುಕೊಂಡಿದ್ದೆ. ಪಕ್ಕದ ಗದ್ದೆಯವರದು ಆಗಲೇ ಕರ್ರಗಾಗಿದೆ.

ಚಪ್ಪಲಿ ಬಾಗಿಲಲ್ಲೇ ಇಟ್ಟಿದ್ದೇನೆ.

ಇಂತಿ ನಿಮ್ಮ,
ಸಾಲಿನಲ್ಲಿ 71ನೆಯವ