ಡ್ರಮ್ಮಿನ ಜಾತಕ

ನಮ್ಮ ಹಳೇ ಅಂಬಾಸಡರ್‌ಗೆ ಬ್ರೇಕ್ ಡ್ರಮ್ ಹುಡುಕುವುದು ಹೆಣ್ಣಿಗೆ ಗಂಡು ಹುಡುಕಿದಂತೆ. ಒಳವ್ಯಾಸ ಕೂಡಿಬಂದರೆ ಬೋಲ್ಟಿನ ತೂತು ಕೂಡದು. ತೂತು ಕೂಡಿದರೆ ಆಳ ಒಪ್ಪದು. ಕೊಳ್ಳೇಗಾಲದ ಅಂಗಡಿಯವರು, “ಯಾವ ಮಾಡಲ್ಲು ಸಾ?” ಅಂತಾರೆ. 2014ರಲ್ಲೇ ತಯಾರಿಕೆ ನಿಂತ ಗಾಡಿ. ನನಗಿಂತ ಮುಂಚಿನ ಮೂರು ಯಜಮಾನರ ರಿಪೇರಿಗಳೇ ಅದರ ಮಾಡಲ್ಲು. ಹನೂರಿನಲ್ಲಿ ಲಾರಿಯದ್ದನ್ನು ತೋರಿಸಿ, “ಇದು ಹಾಕ್ಬುಡಿ, ಸವೆಯಾಕಿಲ್ಲ” ಎಂದರು. ಅದರೊಳಗೆ ನಮ್ಮ ಮೊಮ್ಮಗನನ್ನು ಕೂರಿಸಬಹುದಿತ್ತು! ಯಳಂದೂರಿನ ಮೇಸ್ತ್ರಿ ಮಾತ್ರ ಡ್ರಮ್ಮನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟರು: ಠಣ್ ಎಂದರೆ ಗಟ್ಟಿ, ಮಂಕು ಸದ್ದಾದರೆ ಬಿರುಕು. ಅಲ್ಲಿಯವರೆಗೆ ತಾಳುಬೆಟ್ಟದ ಆಚೆ ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ಬ್ರೇಕಿಗಿಂತ ‘ಉಘೇ ಮಾದಪ್ಪ’ನೇ ಹೆಚ್ಚು ದುಡಿದಿದ್ದಾನೆ. ನೀವೂ ಹುಡುಕುವವರಾದರೆ ಮಾಡಲ್ಲಿನ ಹೆಸರು ನಂಬಬೇಡಿ. ಹಳೇ ಡ್ರಮ್ಮನ್ನೇ ಹೊತ್ತುಕೊಂಡು ಹೋಗಿ, ಅಳತೆ ಕಡ್ಡಿಯನ್ನೂ ಮರೆಯಬೇಡಿ.