ತ್ರಿಕೋನ, ಸೊನ್ನೆ ಮತ್ತು ಒಂದು ಗೀಟು

ನನಗೆ ಮಗಳಿಲ್ಲ, ಆದರೂ ಅಳಿಯನಿದ್ದಾನೆ. ತಂಗಿಯ ಮಗ. ಈ ವರ್ಷ ಎಂ.ಎ. ಮಾನವಶಾಸ್ತ್ರಕ್ಕೆ ಸೇರಿದ್ದಾನೆ. ವಾರಕ್ಕೊಂದು ನೋಟಿಸಿನ ಫೋಟೊ ವಾಟ್ಸಾಪಿನಲ್ಲಿ ಕಳಿಸಿ, "ಮಾಮಾ, ಇದಕ್ಕ ಹೋಗ್ಲ್ಯಾ?" ಎಂದು ಕೇಳುತ್ತಾನೆ. ಮೂರು ದಿನದ ಕಾರ್ಯಾಗಾರ, ಎರಡು ದಿನದ ವಿಚಾರ ಸಂಕಿರಣ, ಫೆಬ್ರವರಿಯ ಮೂರನೇ ಗುರುವಾರ ಬರುವ ವಿಶ್ವ ಮಾನವಶಾಸ್ತ್ರ ದಿನದ ಉಪನ್ಯಾಸ. ವಿಷಯ ಯಾವುದೇ ಇರಲಿ, ‘ಪ್ರಮಾಣಪತ್ರ ನೀಡಲಾಗುವುದು’ ಎಂಬ ಸಾಲು ಮಾತ್ರ ದಪ್ಪ ಅಕ್ಷರದಲ್ಲಿ.

"ಊಟ ಐತೇನು ನೋಡು" ಎಂದು ಬರೆಯುತ್ತೇನೆ. ಅವನು ನಗುವ ಮುಖ ಕಳಿಸುತ್ತಾನೆ. ನಾನು ಹೇಳಿದ್ದು ತಮಾಷೆಗಲ್ಲ. ನಾನೂ ಅದೇ ಶಾಸ್ತ್ರ ಓದಿದವನು. ಸಂಕಿರಣಗಳಲ್ಲಿ ಏನಾದರೂ ಕಲಿತಿದ್ದರೆ ಊಟದ ಸಾಲಿನಲ್ಲೇ. ವೇದಿಕೆಯ ಮೇಲೆ ಬುಡಕಟ್ಟು ಎಂದರೇನೆಂದು ಮುಕ್ಕಾಲು ಗಂಟೆ ಕೊರೆದ ಹಿರಿಯರೇ, ಶಿರಾ ತಟ್ಟೆ ಕೈಗೆ ಬಂದೊಡನೆ, ಮೊದಲ ಸಲ ಹಾಡಿಗೆ ಹೋದಾಗ ನಾಯಿ ಬೆನ್ನಟ್ಟಿ ತಾವು ಮರ ಹತ್ತಿದ ಕಥೆ ಹೇಳುತ್ತಿದ್ದರು. ವ್ಯಾಖ್ಯಾನ ಮರೆತಿದೆ, ಮರ ನೆನಪಿದೆ.

ಹೋಗಲೇಬೇಕಾದ ಜಾಗಗಳನ್ನೂ ಹೇಳಿದ್ದೇನೆ ಅನ್ನಿ. ಮೈಸೂರಿನಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಪ್ರಾದೇಶಿಕ ಕೇಂದ್ರವಿದೆ. ಅದೇ ಊರಿನ ವೆಲ್ಲಿಂಗ್ಟನ್ ಹೌಸ್‌ನಲ್ಲಿ ಭೋಪಾಲದ ಮಾನವ ಸಂಗ್ರಹಾಲಯದ ಶಾಖೆಯಿದೆ. ಭೋಪಾಲಕ್ಕೇ ಹೋದರೆ ಇನ್ನೂ ಚೆನ್ನ. ಅಲ್ಲಿ ಶ್ಯಾಮಲಾ ಗುಡ್ಡದ 200 ಎಕರೆಯಲ್ಲಿ ಬೇರೆ ಬೇರೆ ಸಮುದಾಯದವರು ತಾವೇ ಬಂದು ತಮ್ಮ ಮನೆ ಕಟ್ಟಿ ಹೋಗಿದ್ದಾರೆ. ‘ಮಾಡಿ ಕಲಿ’ ಎಂಬ ಶಿಬಿರಗಳನ್ನೂ ನಡೆಸುತ್ತಾರೆ. ಮಡಕೆ ಮಾಡಲು ಕೂತರೆ ಅರ್ಧ ಗಂಟೆಯೊಳಗೆ ಕುಂಬಾರನ ಮೇಲೆ ಪ್ರಬಂಧ ಬರೆಯುವ ಧೈರ್ಯ ಇಳಿದುಹೋಗುತ್ತದೆ. ಆ ಮಟ್ಟಿಗೆ ಅದು ಒಳ್ಳೆಯ ಶಿಕ್ಷಣ.

ನನ್ನ ಶಿಕ್ಷಣ ನಡೆದದ್ದು ಧಾರವಾಡದ ಕಡೆಯ ಒಂದು ಹಳ್ಳಿಯಲ್ಲಿ. ಹತ್ತು ದಿನದ ಕ್ಷೇತ್ರಕಾರ್ಯ. ಹೊರಡುವ ಮುಂಚೆ ನಮ್ಮ ಮೇಷ್ಟ್ರು ಎಂ. ಎನ್. ಶ್ರೀನಿವಾಸರ ಕಥೆ ಹೇಳಿದರು. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು, ವರ್ಷಗಟ್ಟಲೆ ಟಿಪ್ಪಣಿ ತಿದ್ದಿ ತೀಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಗೆ ಯಾರೋ ಬೆಂಕಿ ಹಚ್ಚಿದರು. ಕೊನೆಗೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. "ಅದಕ್ಕೇ ಹೇಳೂದು, ಟಿಪ್ಪಣಿ ಮೂರು ಪ್ರತಿ ಮಾಡ್ರಿ" ಎಂದರು ಮೇಷ್ಟ್ರು. ಶ್ರೀನಿವಾಸರೂ ಮೂರು ಪ್ರತಿ ಮಾಡಿದ್ದರು. ಮೂರೂ ಅದೇ ಕೋಣೆಯಲ್ಲಿದ್ದವು. ಇದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ನನ್ನ ಟಿಪ್ಪಣಿಗೆ ಬೆಂಕಿ ಬೀಳಲಿಲ್ಲ, ಗೆದ್ದಲು ಹಿಡಿಯಿತು. ನೆನಪಿನಲ್ಲಿ ಉಳಿದದ್ದು ಒಬ್ಬ ಆಯಿ.

ನನ್ನ ಪಾಲಿಗೆ ಬಂದ ಕೆಲಸ ವಂಶಾವಳಿ ಬರೆಯುವುದು. ಈ ವಿಧಾನ ಕಂಡುಹಿಡಿದವರು ರಿವರ್ಸ್ ಎಂಬ ಇಂಗ್ಲೆಂಡಿನ ವೈದ್ಯರು. 1898ರಲ್ಲಿ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋಗಿದ್ದು ಜನರ ಕಣ್ಣು, ಕಿವಿ ಪರೀಕ್ಷಿಸಲು. ಯಾರು ಯಾರಿಗೆ ಏನಾಗಬೇಕು ಎಂದು ಬರೆದುಕೊಳ್ಳುತ್ತಾ ಹೋದವರಿಗೆ ಕಣ್ಣಿಗಿಂತ ನಂಟೇ ರುಚಿಸಿತು. ಆಮೇಲೆ ನೀಲಗಿರಿಯ ತೋಡರ ಬಳಿಗೂ ಬಂದರು. ತೋಡರು ಸತ್ತ ನೆಂಟರ ಹೆಸರು ಹೇಳಲು ಹಿಂಜರಿಯುತ್ತಿದ್ದರಂತೆ. ಅದನ್ನು ಬೇರೆಯವರ ಬಾಯಿಂದ ಹೊರಡಿಸಬೇಕಾಯಿತು. ವಂಶಾವಳಿಯಲ್ಲಿ ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ. ಮದುವೆಗೆ ನಡುವೆ ಎರಡು ಗೀಟು. ಸತ್ತವರ ಮೇಲೆ ಒಂದು ಓರೆ ಗೀಟು.

ಆಯಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಾ ಕೂತಿದ್ದಳು. ನಾನು ಹಾಳೆ ಹಾಸಿ ನಾಲ್ಕು ತ್ರಿಕೋನ ಬರೆದೆನೋ ಇಲ್ಲವೋ, ಒಳಗೆ ಕೂಗಿ ಹೇಳಿದಳು: "ಯವ್ವಾ, ಕುಟುಂಬ ಯೋಜನಿ ಮಂದಿ ಬಂದಾರ!" ಆಗ ಆಸ್ಪತ್ರೆ ಗೋಡೆಗಳ ಮೇಲೆಲ್ಲ ಕೆಂಪು ತ್ರಿಕೋನ. ನನ್ನ ಕಡೆ ತಿರುಗಿ, "ಏಳು ಹಡದ ಮ್ಯಾಲೆ ಈಗ ಬಂದೀಯೇನು?" ಎಂದಳು. ಅಲ್ಲವೆಂದು ಒಪ್ಪಿಸಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಅವಳೇ ಹಾಳೆ ಎಳೆದುಕೊಂಡು ನೋಡಿದಳು.

"ಇದರಾಗ ನಾನು ಯಾವಾಕಿ?"

ತೋರಿಸಿದೆ.

"ನನ್ನ ಯಾಕ ಸೊನ್ನಿ ಮಾಡೀದಿ?"

ಇದಕ್ಕೆ ರಿವರ್ಸ್ ಏನು ಹೇಳುತ್ತಿದ್ದರೋ. ನಾನು ಅದು ಸೊನ್ನೆಯಲ್ಲ, ಚಕ್ರ ಎಂದೆ. ಎರಡು ಗೀಟಿನ ಬಗ್ಗೆ ಕೇಳಿದಳು. ಲೆಕ್ಕದಲ್ಲಿ ಬರಾಬರಿ ಎಂದು ಹಾಕುವ ಗುರುತು, ಗಂಡ ಹೆಂಡತಿ ಅಂತ ಅರ್ಥ ಎಂದೆ. "ಬರಾಬರಿ ಅಂತ ನಿನಗ್ಯಾರ ಹೇಳಿದ್ರು?" ಎಂದು ಮತ್ತೆರಡು ಶೇಂಗಾ ಸುಲಿದಳು.

ಗಂಡನ ಹೆಸರು ಕೇಳಿದೆ. ಹೇಳುವುದಿಲ್ಲ. ಒಡಪಾದರೂ ಹಾಕು ಎಂದರೆ, ಮದುವೆ ಮನೆಯಲ್ಲಿ ಹಾಕಿದ್ದೇ ಕೊನೆಯಂತೆ. ಗುಡಿಯ ಕಡೆ ಗದ್ದ ಎತ್ತಿ "ಅಲ್ಲಿ ಕುಂತಾನಲ್ಲ, ಅವನ ಹೆಸರ" ಎಂದಳು. ನಾನು ಹನುಮಪ್ಪನ ಹೆಸರು ಬರೆದೆ. ಸಂಜೆ ತಿಳಿಯಿತು, ಅವಳ ಗದ್ದ ತೋರಿಸಿದ್ದು ಅದರ ಹಿಂದಿನ ಕಲ್ಮೇಶ್ವರನನ್ನು.

ಮೂರನೇ ತಲೆಮಾರಿಗೆ ಬಂದಾಗ ಹಾಳೆ ಕೈಕೊಟ್ಟಿತು. ಅವಳ ಕಿರಿಯ ಮಗ ಹಿರಿಯ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ಗೀಟು ಒಂದು ತಲೆಮಾರು ದಾಟಿ ಓರೆಯಾಗಿ ಇಳಿಯಿತು, ಮೊಮ್ಮಗಳೇ ಸೊಸೆ. ತೊಟ್ಟಿಲಲ್ಲಿದ್ದ ಕೂಸು ಮಗನ ಕಡೆಯಿಂದ ಮೊಮ್ಮಗ, ಮಗಳ ಕಡೆಯಿಂದ ಮರಿಮಗ. ಮೋರ್ಗನ್ ಎಂಬ ಅಮೆರಿಕದ ವಕೀಲರು ದೇಶದೇಶಗಳಿಗೆ ಪ್ರಶ್ನೆಪತ್ರಿಕೆ ಕಳಿಸಿ, ತಮಿಳು, ತೆಲುಗು, ಕನ್ನಡದ ನಂಟಿನ ಹೆಸರುಗಳನ್ನೆಲ್ಲ ತರಿಸಿಕೊಂಡು 1871ರಲ್ಲಿ ದಪ್ಪ ಪುಸ್ತಕ ಪ್ರಕಟಿಸಿದ್ದರು. ಸೋದರಮಾವನೂ ಹೆಂಡತಿಯ ಅಪ್ಪನೂ ಮಾವ, ಸೋದರತ್ತೆಯೂ ಗಂಡನ ತಾಯಿಯೂ ಅತ್ತೆ ಆಗುವ ಈ ವ್ಯವಸ್ಥೆಯ ಮೇಲೆ ಆಮೇಲೆ ವಿದ್ವಾಂಸರು ನೂರು ವರ್ಷ ಜಗಳಾಡಿದ್ದಾರೆ. ಆಯಿ ಶೇಂಗಾ ಸಿಪ್ಪೆಯಿಂದಲೇ ಕಟ್ಟೆಯ ಮೇಲೆ ಎಲ್ಲರನ್ನೂ ಇಟ್ಟು ತೋರಿಸಿದಳು. ಸಿಪ್ಪೆಗೆ ಓರೆ ಗೀಟಿನ ಕಷ್ಟವಿಲ್ಲ, ಪಕ್ಕಕ್ಕೆ ಸರಿಸಿದರಾಯಿತು.

ಕೊನೆಗೆ ಅವಳ ಬೆರಳು ಒಂದು ತ್ರಿಕೋನದ ಮೇಲೆ ನಿಂತಿತು. "ಇವರ ಮ್ಯಾಲೆ ಯಾಕ ಗೀಟು ಹಾಕೀದಿ?"

ತೀರಿಕೊಂಡವರಿಗೆ ಹಾಗೆ ಹಾಕಬೇಕು ಆಯಿ, ಎಂದೆ.

"ಯಾರರ ತಮ್ಮ ಮನಿಯವರ ಮ್ಯಾಲೆ ಗೀಟು ಹಾಕ್ತಾರೇನು?"

ಶೇಂಗಾ ಸುಲಿಯುವುದು ನಿಂತಿತ್ತು. ಕಿಸೆಯಿಂದ ರಬ್ಬರ್ ತೆಗೆದು ಅಳಿಸಿದೆ. ಪುಡಿಯನ್ನು ಅವಳೇ ಸೆರಗಿನಿಂದ ಒರೆಸಿದಳು. ಹೊರಟಾಗ ಒಂದು ಸೇರು ಶೇಂಗಾ ಕಟ್ಟಿಕೊಟ್ಟಳು; ಪ್ರಮಾಣಪತ್ರ ಕೊಡಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದವರು ನನ್ನ ಹಾಳೆಯ ಮೇಲೆ ಪೆನ್ನು ಆಡಿಸುತ್ತಾ ಬಂದು ಒಂದು ಕಡೆ ನಿಂತರು. "ಇವರಿಗೆ 98 ವರ್ಷ ಆಗತೈತಲ್ಲ. ಇನ್ನೂ ಅದಾರೇನು?"

"ಆಯಿ ಅದಾರ ಅಂದಾಳ್ರಿ ಸರ್" ಎಂದೆ.