ಮೂರು ರಾಜ್ಯಗಳ ಸಾರಿಗೆ ಆಯುಕ್ತರಿಗೆ ಒಬ್ಬ ಕಾಯಂ ಪ್ರವಾಸಿಯ ಪತ್ರ

ತೆಲಂಗಾಣ, ಆಂಧ್ರಪ್ರದೇಶ ಮತ್ತು ಕರ್ನಾಟಕದ ಸನ್ಮಾನ್ಯ ಸಾರಿಗೆ ಆಯುಕ್ತರೇ,

ಮೂವರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಒಬ್ಬರಿಗೆ ಬರೆದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ, ಆ ಇನ್ನೊಬ್ಬರು ದೆಹಲಿಯ ಕಡೆ ತೋರಿಸುತ್ತಾರೆ, ದೆಹಲಿಯವರು ಪೋರ್ಟಲ್ ತೋರಿಸುತ್ತಾರೆ. ಹೈದರಾಬಾದಿನಿಂದ ಬೆಂಗಳೂರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ನಿಮ್ಮ ಮೂವರ ಸೀಮೆಯಲ್ಲೂ ಹಾಯುತ್ತದೆ. ಆದ್ದರಿಂದ ಒಟ್ಟಿಗೇ ಕೂತು ಓದಿ. ಗಟ್ಟಿಯಾಗಿ ಓದುವುದು ಯಾರ ವ್ಯಾಪ್ತಿಗೆ ಬರುತ್ತದೆಂದು ಮಾತ್ರ ಜಗಳ ತೆಗೆಯಬೇಡಿ.

ಈಗ ರಾತ್ರಿ ಒಂದೂವರೆ. ಮನೆಯವಳನ್ನು ಬೆಂಗಳೂರು ಬಸ್ಸು ಹತ್ತಿಸಿ ಈಗಷ್ಟೇ ಬಂದು ಕೂತಿದ್ದೇನೆ. ಮಗಳಿಗೆ ಅಲ್ಲಿ ಹೆರಿಗೆಯಾಗಿದೆ. ಅವಳೇ ತವರಿಗೆ ಬರಬೇಕಿತ್ತು, ಡಾಕ್ಟರು ಪ್ರಯಾಣ ಬೇಡವೆಂದರು, ಹಾಗಾಗಿ ತವರೇ ಅಂಟಿನ ಉಂಡೆಯ ಡಬ್ಬಿ ಕಟ್ಟಿಕೊಂಡು ಹೊರಟಿತು. ಟಿಕೆಟ್ಟಿನಲ್ಲಿ ಬಸ್ಸಿನ ಸಮಯ ಹತ್ತೂವರೆ. ಹತ್ತುವ ಜಾಗ: ಅಮೀರ್‌ಪೇಟ್, ಮೈತ್ರಿವನಂ ಎದುರು, ಮೆಟ್ರೊ ಪಿಲ್ಲರ್ ಹತ್ತಿರ. ಅಮೀರ್‌ಪೇಟ್ ನೋಡಿದವರಿಗೆ ಗೊತ್ತು, ಆ ರಸ್ತೆಯಲ್ಲಿ ಮೆಟ್ರೊ ಪಿಲ್ಲರ್ ಹತ್ತಿರವಲ್ಲದ ಜಾಗ ಹುಡುಕಿದರೂ ಸಿಗದು.

ಟ್ರಾವೆಲ್ಸ್‌ನವನಿಗೆ ಫೋನು ಮಾಡಿದಾಗಲೆಲ್ಲ ಒಂದೇ ಉತ್ತರ: ‘ಅಯಿದು ನಿಮಿಷಾಲು ಸಾರ್, ಎರ್ರಗಡ್ಡ ದಾಟಿಂದಿ.’ ಹತ್ತೂಮುಕ್ಕಾಲಿಗೆ ಎರ್ರಗಡ್ಡ ದಾಟಿದ್ದ ಬಸ್ಸು ಹನ್ನೊಂದೂವರೆಗೆ ಮೂಸಾಪೇಟೆಯಲ್ಲಿತ್ತು. ಮುಂದೆ ಬರಬೇಕಾದ ಬಸ್ಸು ಹಿಂದಕ್ಕೆ ಹೇಗೆ ಹೋಯಿತಪ್ಪಾ ಎಂದರೆ, ‘ಟ್ರಾಫಿಕ್ ಸಾರ್’ ಎಂದ. ನಮ್ಮ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಬಸ್ಸು ಮಾತ್ರ ಸದಾ ಐದು ನಿಮಿಷದ ದೂರ. ಈ ಲೆಕ್ಕದಲ್ಲಿ ಮನೆಗೆ ಹೋಗಿ ಬರುವುದು ಯಾವ ಗಣಿತದಿಂದಲೂ ಸಾಧ್ಯವಿಲ್ಲ.

ಹೋಗಿಬರುವ ಅಗತ್ಯವಿತ್ತು. ಅವಳಿಗೆ ಸಕ್ಕರೆ ಕಾಯಿಲೆ. ಅರವತ್ತರ ಹೆಂಗಸು, ರಾತ್ರಿ ಹನ್ನೊಂದು ಗಂಟೆ, ಹೊಟೇಲುಗಳೆಲ್ಲ ಬಾಗಿಲು ಹಾಕುವ ಹೊತ್ತು. ಅರ್ಧ ಷಟರ್ ಇಳಿಸಿದ್ದ ಟಿಫಿನ್ ಸೆಂಟರಿನ ಹುಡುಗನನ್ನು ಶೌಚಾಲಯ ಇದೆಯಾ ಎಂದು ಕೇಳಿದೆವು. ‘ಲೇದಮ್ಮಾ’ ಎಂದು ಉಳಿದರ್ಧವನ್ನೂ ಇಳಿಸಿದ. ಅವನ ತಪ್ಪೇನಿಲ್ಲ ಬಿಡಿ. ರಾತ್ರಿಯೆಲ್ಲ ಬೆಂಗಳೂರಿನ ಪ್ರವಾಸಿಗರು ಅವನನ್ನು ಇದನ್ನೇ ಕೇಳುತ್ತಾರೆ.

ಹೌದು, ಪ್ರವಾಸಿಗರು. ನಿಮ್ಮ ಕಡತದಲ್ಲಿ ನನ್ನ ಹೆಂಡತಿ ಇವತ್ತು ಪ್ರವಾಸ ಹೊರಟಿದ್ದಾಳೆ. ಬಸ್ಸಿನ ಮೈಮೇಲೆಯೇ ಬರೆದಿದ್ದರಲ್ಲ, ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಅಂತ. ಅಲ್ಲಲ್ಲಿ ನಿಲ್ಲಿಸಿ ಒಬ್ಬೊಬ್ಬರಿಗೂ ಬೇರೆ ಬೇರೆ ಟಿಕೆಟು ಕೊಟ್ಟು ಓಡುವ ಬಸ್ಸಿಗೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆಯೇ ಪರ್ಮಿಟ್ ಬೇಕು. ಆ ಪರ್ಮಿಟ್ಟು ಈ ಮಾರ್ಗದಲ್ಲಿ ಇರುವುದು ಸರ್ಕಾರಿ ಸಾರಿಗೆ ಸಂಸ್ಥೆಗಳಿಗೆ. ಉಳಿದವರು ತೆಗೆದುಕೊಳ್ಳುವುದು ಪ್ರವಾಸಿ ಪರ್ಮಿಟ್. ಒಂದು ತಂಡ ಸೇರಿ ಬಸ್ಸು ಗೊತ್ತುಮಾಡಿಕೊಂಡು ತಿರುಪತಿಗೋ ಊಟಿಗೋ ಹೊರಟಿದೆ ಎಂಬುದು ಅದರ ಹಿಂದಿನ ಕಲ್ಪನೆ. ರಾಯಚೂರು, ಬೀದರ್, ಕಲಬುರಗಿ ಕಡೆಯಿಂದ ಜಾವಾ ಕಲಿಯಲು ಬಂದು ಇಲ್ಲಿ ಹಾಸ್ಟೆಲಿನಲ್ಲಿ ಇರುವ ಹುಡುಗರು ಭಾನುವಾರ ರಾತ್ರಿ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಡುತ್ತಾರೆ. ಪ್ರವಾಸಿಗರು. ಕೋರ್ಟು ಕೇಸಿಗೆ ಹೋಗುವ ವಕೀಲರು, ಆಪರೇಷನ್ನಿಗೆ ಹೋಗುವ ರೋಗಿ, ಸಾವಿನ ಮನೆಗೆ ಹೋಗುವವರು, ಎಲ್ಲರೂ ಪ್ರವಾಸಿಗರು. ಇಷ್ಟೊಂದು ಜನ ದಿನಾ ರಾತ್ರಿ ಪ್ರವಾಸ ಹೋಗುವ ಸಂಪತ್ತು ನಮ್ಮ ಭಾಗಕ್ಕಿದೆ ಎಂದು ಗೊತ್ತಿರಲಿಲ್ಲ. ಹಿಂದುಳಿದ ಪ್ರದೇಶ ಎಂದು ಯಾಕೆ ಕರೆಯುತ್ತಾರೋ.

ತಮಾಷೆ ಇಲ್ಲಿಗೆ ಮುಗಿದಿದ್ದರೆ ನಕ್ಕು ಮಲಗುತ್ತಿದ್ದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 85ನೆಯದನ್ನು ತೆಗೆದು ನೋಡಿ. ಪ್ರವಾಸಿ ವಾಹನವು ಸಾಮಾನ್ಯ ಬಸ್ಸುಗಳ ನಿಲ್ದಾಣದಲ್ಲಿ ನಿಲ್ಲುವಂತಿಲ್ಲ, ಅಲ್ಲಿಂದ ಹೊರಡುವಂತಿಲ್ಲ ಎಂದು ಅದು ಬಹಳ ಕಾಲ ವಿಧಿಸಿತ್ತು. ಅಂದರೆ ನಾವು ಪಿಲ್ಲರಿನ ಬುಡದಲ್ಲಿ ನಿಂತದ್ದು ಟ್ರಾವೆಲ್ಸ್‌ನವನ ಅಸಡ್ಡೆಯಿಂದಷ್ಟೇ ಅಲ್ಲ, ಕಾನೂನು ಕಲಿಸಿದ ಪದ್ಧತಿಯಿಂದ! ಈ ಬಸ್ಸಿಗೆ ನಿಲ್ದಾಣ ಇಲ್ಲ. ನಿಲ್ದಾಣ ಇಲ್ಲವಾದ್ದರಿಂದ ಬೆಂಚು ಇಲ್ಲ, ಸೂರು ಇಲ್ಲ, ವೇಳಾಪಟ್ಟಿ ಇಲ್ಲ, ದೂರು ಪುಸ್ತಕ ಇಲ್ಲ, ಶೌಚಾಲಯ ಇಲ್ಲ. ದಸರೆಗೆ, ಯುಗಾದಿಗೆ ಟಿಕೆಟ್ಟು ಮೂರು ಪಟ್ಟಾದರೆ ಕೇಳುವವರಿಲ್ಲ, ಪ್ರವಾಸಕ್ಕೆ ದರ ನಿಗದಿ ಮಾಡುವುದುಂಟೇ? ಇದ್ದೂ ಇಲ್ಲದ ಬಸ್ಸು ಇದು. ತೆರಿಗೆ ಕಟ್ಟಿಸಿಕೊಳ್ಳುವಾಗ ಇರುತ್ತದೆ, ಜವಾಬ್ದಾರಿ ಕೇಳಿದಾಗ ಇರುವುದಿಲ್ಲ.

ಸಿಟ್ಟು ಬರುತ್ತದೆ ಸ್ವಾಮಿ. ವ್ಯಂಗ್ಯ ಮಾಡಿ ಬರೆಯಬೇಕೆಂದು ಕೂತವನು ನಾನು, ಆಗುತ್ತಿಲ್ಲ. ಮೊಮ್ಮಗುವನ್ನು ನೋಡಲು ಹೊರಟ ಹೆಂಗಸು ರಾತ್ರಿ ಹನ್ನೊಂದೂವರೆಗೆ, ನಿಲ್ಲಿಸಿದ್ದ ಎರಡು ಕಾರುಗಳ ಮಧ್ಯೆ ಕತ್ತಲೆ ಹುಡುಕಿಕೊಂಡು ಹೋಗಬೇಕಾಯಿತು. ನಾನು ಈ ಕಡೆ ಶಾಲು ಹಿಡಿದು ನಿಂತಿದ್ದೆ. ನಿಮ್ಮಲ್ಲಿ ಯಾರ ತಾಯಿಯೂ, ಯಾರ ಮನೆಯವರೂ ಹೀಗೆ ಹೋಗಬೇಕಾಗದಿರಲಿ. ಅವಳು ವಾಪಸು ಬಂದವಳು ಮಾತಾಡಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡು ಬ್ಯಾಗಿನ ಮೇಲೆ ಕೂತಳು. ಮೂರು ರಾಜ್ಯಗಳ ಸಾರಿಗೆ ಇಲಾಖೆ, ಒಂದು ಕೇಂದ್ರ ಸಚಿವಾಲಯ, ಇಷ್ಟಿದ್ದೂ ಒಂದು ಬಾಗಿಲು, ಒಂದು ಚಿಲಕ, ಒಂದು ನಲ್ಲಿ ಇಲ್ಲ.

ಆ ಪಿಲ್ಲರಿನ ಇನ್ನೊಂದು ಮಾತು. ಅದರ ಕೆಳಗೆ ನಿಂತವಳಿಗೆ ಎರಡು ಹೆಜ್ಜೆ ಆಚೆ ಸರಿ ಎಂದಿದ್ದೆ. 2019ರ ಸೆಪ್ಟೆಂಬರ್ 22ರಂದು ಮಳೆಗೆಂದು ಇದೇ ಅಮೀರ್‌ಪೇಟ್ ಮೆಟ್ರೊ ನಿಲ್ದಾಣದ ಕೆಳಗೆ ನಿಂತಿದ್ದ ಯುವತಿಯೊಬ್ಬಳ ತಲೆಯ ಮೇಲೆ ಮೇಲಿನಿಂದ ಗಾರೆಯ ತುಂಡು ಬಿದ್ದು ಜೀವ ಹೋಯಿತು. ಮೇಲೆ ಓಡುವ ರೈಲಿಗೆ ಸುರಕ್ಷತಾ ಆಯುಕ್ತರ ಪ್ರಮಾಣಪತ್ರ ಇತ್ತು. ಕೆಳಗೆ ನಿಲ್ಲುವವರಿಗೆ ಯಾರ ಪ್ರಮಾಣಪತ್ರವೂ ಇರಲಿಲ್ಲ. ಅಲ್ಲಿ ನಿಂತಾಗೆಲ್ಲ ಕತ್ತೆತ್ತಿ ಮೇಲೆ ನೋಡುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ.

ಕೊನೆಗೆ ಹನ್ನೆರಡು ದಾಟಿದ ಮೇಲೆ ಬಸ್ಸು ಬಂತು. ನಂಬರ್ ಪ್ಲೇಟು ಈ ಮೂರೂ ರಾಜ್ಯಗಳದ್ದಲ್ಲ, ನಮ್ಮ ಬೀದಿಯಲ್ಲಿ ಯಾರೂ ನೋಡದ ಯಾವುದೋ ದೂರದ ಊರಿನದು. ತೆರಿಗೆ ಕಡಿಮೆ ಇದ್ದಲ್ಲಿ ಹುಟ್ಟಿದ ಊರು ಎಂದು ಬರೆಸಿಕೊಳ್ಳುವುದು ಈ ಬಸ್ಸುಗಳ ಪದ್ಧತಿ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಡಿಕ್ಕಿ ತೆರೆದರು. ಒಂದು ಮೋಟಾರ್‌ಬೈಕು, ರಟ್ಟಿನ ಪೆಟ್ಟಿಗೆಗಳು, ಗೋಣಿಚೀಲಗಳು. ಪ್ರವಾಸಿಗರ ಬ್ಯಾಗಿಗೆ ಜಾಗವಿಲ್ಲ, ಒಳಗೇ ಇಟ್ಟುಕೊಳ್ಳಿ ಎಂದರು. ಬರ್ತ್ ತೋರಿಸಲು ನಾನೂ ಒಳಗೆ ಹತ್ತಿದೆ. ಕಿಟಕಿಯ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ‘ತುರ್ತು ಸಂದರ್ಭದಲ್ಲಿ ಗಾಜು ಒಡೆಯಿರಿ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಕೆಳಗೆ ಸುತ್ತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಂಡಿಯಿತ್ತು. ಸುತ್ತಿಗೆ ಇರಲಿಲ್ಲ. ಆ ಕೊಂಡಿಗೆ ಯಾರೋ ಫೋನಿನ ಚಾರ್ಜರ್ ವೈರು ಸುತ್ತಿಟ್ಟಿದ್ದರು. ಸುತ್ತಿಗೆ ಎಲ್ಲಿ ಎಂದು ಕ್ಲೀನರನನ್ನು ಕೇಳಿದೆ. ‘ಡ್ರೈವರ್ ಹತ್ರ ಇದೆ’ ಎಂದ. ಡ್ರೈವರನನ್ನು ಕೇಳಿದೆ. ಅವನು ಹಾರನ್ ಹೊಡೆದ. ನಾನು ಇಳಿದೆ.

ಸುತ್ತಿಗೆ ಯಾಕೆ ಕೇಳಿದೆನೆಂದು ನಿಮಗೆ ವಿವರಿಸಬೇಕಿಲ್ಲ. ಆದರೂ ವಿವರಿಸುತ್ತೇನೆ, ನಿಮ್ಮಲ್ಲಿ ವರ್ಗಾವಣೆ ಜಾಸ್ತಿ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಬರುತ್ತಿದ್ದ ಬಸ್ಸು ಮಹಬೂಬ್‌ನಗರದ ಕಡೆ ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿಕೊಂಡಿತು. 45 ಜನ ಹೋದರು. ದೀಪಾವಳಿ ಹತ್ತಿರವಿತ್ತು. ಆಮೇಲೆ ಏನಾಯಿತು? ದಾಳಿ, ತಪಾಸಣೆ, ಬಸ್ಸು ಜಪ್ತಿ, ಟಿವಿಯಲ್ಲಿ ಅಧಿಕಾರಿಗಳ ಸಂದರ್ಶನ. ಹನ್ನೆರಡು ವರ್ಷ ಬಿಟ್ಟು 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟ ಸ್ಲೀಪರ್ ಬಸ್ಸು ಕರ್ನೂಲಿನ ಚಿನ್ನಟೇಕೂರಿನ ಹತ್ತಿರ ರಸ್ತೆಯ ಮೇಲಿದ್ದ ಬೈಕಿಗೆ ಡಿಕ್ಕಿ ಹೊಡೆದು, ಅದನ್ನು ಎಳೆದುಕೊಂಡು ಹೋಗಿ ಹೊತ್ತಿಕೊಂಡಿತು. ಬಸ್ಸಿನಲ್ಲಿದ್ದ 19 ಜನ ಸತ್ತರು. ಅದೇ ರಸ್ತೆ, ಅದೇ ತಿಂಗಳು, ಅದೇ ನಸುಕು. ಬಸ್ಸು ದಮನ್-ದಿಯುವಿನಲ್ಲಿ ನೋಂದಣಿಯಾಗಿ ಆಮೇಲೆ ಒಡಿಶಾಕ್ಕೆ ವರ್ಗವಾದದ್ದು. ಓಡುತ್ತಿದ್ದದ್ದು ಮಾತ್ರ ನಿಮ್ಮ ಮೂರು ರಾಜ್ಯಗಳಲ್ಲಿ. ಆಮೇಲೆ ಏನಾಯಿತು? ಮೇಲಿನ ವಾಕ್ಯವನ್ನೇ ಮತ್ತೊಮ್ಮೆ ಓದಿಕೊಳ್ಳಿ: ದಾಳಿ, ತಪಾಸಣೆ, ಜಪ್ತಿ, ಸಂದರ್ಶನ. ಹೊಸದಾಗಿ ಬರೆಯುವ ಶ್ರಮ ನನಗೂ ಬೇಡ, ನೀವೂ ಹೊಸದಾಗಿ ಏನೂ ಮಾಡಲಿಲ್ಲವಲ್ಲ.

ಹಾಗಾದರೆ ರೈಲಿಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಕಾಚಿಗುಡದಿಂದ ಮೈಸೂರಿಗೆ ಹೋಗುವ ಎಕ್ಸ್‌ಪ್ರೆಸ್ಸಿನ ವೇಟಿಂಗ್ ಲಿಸ್ಟ್ ನೋಡಿ ಮಾತಾಡಿ. 2023ರ ಸೆಪ್ಟೆಂಬರಿನಿಂದ ಕಾಚಿಗುಡ-ಯಶವಂತಪುರ ವಂದೇ ಭಾರತ್ ಇದೆ, ಅದು ಹಗಲಿನ ಬಂಡಿ, ಕೂತೇ ಹೋಗಬೇಕು, ಅವಳ ಮೊಣಕಾಲಿಗೆ ಆಗದು. ಆದರೂ ರೈಲಿನವರ ಒಂದು ಏರ್ಪಾಡು ನನಗೆ ಬಹಳ ಇಷ್ಟ. ರೈಲ್ವೆಯ ಸುರಕ್ಷತೆ ನೋಡುವ ಆಯುಕ್ತರು ರೈಲ್ವೆ ಸಚಿವಾಲಯದ ಕೈಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗಿದ್ದಾರೆ. ಕೇಳಿದರೆ ನಗು ಬರುತ್ತದೆ, ಹಳಿ ನೋಡುವವನಿಗೆ ವಿಮಾನದ ಮಂತ್ರಿ. ಓಡಿಸುವವನೇ ತನ್ನ ತಪ್ಪನ್ನು ತಾನೇ ವಿಚಾರಿಸಬಾರದೆಂದು ಬ್ರಿಟಿಷರ ಕಾಲದಲ್ಲೇ, 1941ರಲ್ಲಿ, ಅವರನ್ನು ರೈಲ್ವೆ ಬೋರ್ಡಿನಿಂದ ಬೇರ್ಪಡಿಸಿದರು. ದೊಡ್ಡ ಅಪಘಾತವಾದರೆ ಅವರು ಹಳಿಯ ಪಕ್ಕಕ್ಕೆ ಬಂದು ಸಾಕ್ಷಿ ಕೇಳಿ ವರದಿ ಬರೆಯುತ್ತಾರೆ. ಪಾಲೆಂಗೆ ಅಂಥವರು ಯಾರಿದ್ದರು? ಚಿನ್ನಟೇಕೂರಿಗೆ? ಪರ್ಮಿಟ್ ಕೊಡುವವರೂ ನೀವೇ, ತೆರಿಗೆ ಎತ್ತುವವರೂ ನೀವೇ, ಫಿಟ್‌ನೆಸ್ ನೋಡುವವರೂ ನೀವೇ, ಸತ್ತ ಮೇಲೆ ದಾಳಿ ಮಾಡುವವರೂ ನೀವೇ. ಒಂದು ಕೈ ಇನ್ನೊಂದನ್ನು ಹಿಡಿದರೆ ಅದಕ್ಕೆ ಬಂಧನ ಎನ್ನುವುದಿಲ್ಲ, ನಮಸ್ಕಾರ ಎನ್ನುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಈ ಬಸ್ಸುಗಳು ಇವೆ ಎಂದು ಒಪ್ಪಿಕೊಳ್ಳಿ, ಅಷ್ಟೆ. ಒಪ್ಪಿಕೊಂಡ ದಿನ ಅವಕ್ಕೆ ನಿಲ್ಲಲು ಜಾಗ ಕೊಡಬೇಕಾಗುತ್ತದೆ, ಸಮಯ ಬರೆಸಬೇಕಾಗುತ್ತದೆ, ಹೊರಡುವ ಮುಂಚೆ ಒಬ್ಬ ಇನ್‌ಸ್ಪೆಕ್ಟರು ಹತ್ತಿ ಸುತ್ತಿಗೆ ಇದೆಯೋ ಇಲ್ಲವೋ ನೋಡಬೇಕಾಗುತ್ತದೆ. ಎಲ್ಲಕ್ಕಿಂತ ಮೊದಲು ಶೌಚಾಲಯ. ಅದನ್ನೊಂದು ಕೊಟ್ಟರೂ ಉಳಿದ ಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಲ್ಲ, ತೆಗೆದುಕೊಳ್ಳುವುದಿಲ್ಲ. ಸುತ್ತಿಗೆಯೂ ಬೇಕು.

ಕೇಂದ್ರದವರು 2023ರಲ್ಲಿ ಪ್ರವಾಸಿ ಪರ್ಮಿಟ್ಟಿಗೆ ಮಾಡಿದ ನಿಯಮಗಳಲ್ಲಿ ಒಂದು ಸೊಗಸಾದ ಅಂಶವಿದೆ. ಅರ್ಜಿ ಹಾಕಿದ ಏಳು ದಿನದೊಳಗೆ ಪ್ರಾಧಿಕಾರ ತೀರ್ಮಾನ ತಿಳಿಸದಿದ್ದರೆ ಪರ್ಮಿಟ್ ಮಂಜೂರಾಯಿತೆಂದೇ ಭಾವಿಸಿ, ಪೋರ್ಟಲ್ ತಾನಾಗಿಯೇ ಅದನ್ನು ಕೊಡುತ್ತದೆ. ಬಸ್ಸಿಗೆ ಸಲ್ಲುವ ಮರ್ಯಾದೆ ಬಸ್ಸಿಗೆ ಕಾದವರಿಗೂ ಸಲ್ಲಬೇಕು. ಈ ಪತ್ರವನ್ನೇ ನನ್ನ ಅರ್ಜಿ ಎಂದು ತಿಳಿಯಿರಿ. ಇಂದಿನಿಂದ ಏಳು ದಿನ. ನಿಮ್ಮ ಉತ್ತರ ಬಾರದಿದ್ದರೆ ಮೈತ್ರಿವನಂ ಎದುರಿನ ಶೌಚಾಲಯ ಮಂಜೂರಾಯಿತೆಂದು ಭಾವಿಸುತ್ತೇನೆ. ಎಂಟನೆಯ ದಿನ ಪಿಲ್ಲರಿಗೆ ಬೋರ್ಡು ನಾನೇ ತಗುಲಿಸುತ್ತೇನೆ, ತೆಲುಗು, ಕನ್ನಡ, ಉರ್ದು ಮೂರರಲ್ಲೂ. ಬಾಣದ ಗುರುತನ್ನು ನಿಮ್ಮಲ್ಲಿ ಯಾರ ಕಚೇರಿಯ ಕಡೆ ತಿರುಗಿಸಬೇಕೆಂದು ಮೂವರೂ ಮಾತಾಡಿಕೊಂಡು ತಿಳಿಸಿ.

ಇಂತಿ ನಿಮ್ಮ,
ಅಮೀರ್‌ಪೇಟ್‌ನ ಕಾಯಂ ಪ್ರವಾಸಿ